ಹೈಬ್ರಿಡ್ ಕಾರಿನ ಎರಡನೇ ಜೊತೆ ಟೈರು

ನಮ್ಮ ರಸ್ತೆಗಳಲ್ಲಿ ಹೈಬ್ರಿಡ್ ಕಾರು ಮಾಮೂಲಿ ನೋಟವಾದದ್ದು 2022ರ ನಂತರ. ಆ ವರ್ಷ ಮೇ ತಿಂಗಳಲ್ಲಿ ಹೊಂಡಾ ಸಿಟಿಯ ಹೈಬ್ರಿಡ್ ಮಾದರಿ ಬಂತು. ಸೆಪ್ಟೆಂಬರಿನಲ್ಲಿ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ, ನವೆಂಬರಿನಲ್ಲಿ ಇನ್ನೋವಾ ಹೈಕ್ರಾಸ್ ಬಂದವು. ಹೊಂಡಾ ಬಿಟ್ಟರೆ ಉಳಿದ ಮೂರೂ ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ ಹೊರಬಿದ್ದವು. ಪ್ರಿಯಸ್ 2010ರಲ್ಲೇ ಭಾರತಕ್ಕೆ ಬಂದಿತ್ತು, ಕ್ಯಾಮ್ರಿ ಹೈಬ್ರಿಡ್ 2013ರಿಂದ ಬಿಡದಿಯಲ್ಲಿ ಜೋಡಣೆಯಾಗುತ್ತಿತ್ತು, ನಿಜ. ಆದರೆ ಅವು ಉಳ್ಳವರ ಕಾರುಗಳು. ಸಾಲ ಮಾಡಿ ಕಾರು ಕೊಳ್ಳುವ ಮನೆಯ ಅಂಗಳಕ್ಕೆ ಹೈಬ್ರಿಡ್ ಬಂದದ್ದು 2022ರ ಈ ಕಾರುಗಳ ಮೂಲಕ. ಆ ಮೊದಲ ಕಾರುಗಳು ಈಗ ನಲವತ್ತು, ಐವತ್ತು ಸಾವಿರ ಕಿಲೋಮೀಟರು ಓಡಿವೆ. ಟೈರು ಬದಲಿಸುವ ಕಾಲ ಬಂದಿದೆ.

ಮೊದಲ ಜೊತೆ ಟೈರನ್ನು ಆರಿಸಿದವರು ಕಾರು ಕಂಪನಿಯ ಎಂಜಿನಿಯರುಗಳು. ಎರಡನೇ ಜೊತೆಯನ್ನು ಆರಿಸಬೇಕಾದವರು ನಾವು. ಟೈರಿನಂಗಡಿಯಲ್ಲಿ ನಿಂತಾಗ ಏಳುವ ಪ್ರಶ್ನೆಗಳು ಹತ್ತಾರು. ಹೈಬ್ರಿಡ್‌ಗೆ ಬೇರೆಯದೇ ಟೈರು ಬೇಕೇ? ಮೈಲೇಜು ಇಳಿದೀತೇ? ಸ್ವಲ್ಪ ಅಗಲದ್ದು ಹಾಕಿಸಿದರೆ ತಪ್ಪೇನು? ಎಲೆಕ್ಟ್ರಿಕ್ ಕಾರಿನ ಟೈರು ಇದಕ್ಕೂ ಆಗುತ್ತದೆಯೇ? ಹತ್ತು ಕಡೆ ಕೇಳಿ, ಓದಿ, ಸ್ವಂತ ಕಾರಿಗೂ ಹಾಕಿಸಿದ ಮೇಲೆ ನಾನು ಬಂದ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಹೈಬ್ರಿಡ್ ಕಾರಿಗೆ ಟೈರು ಆರಿಸುವಾಗ ಮೊದಲು ನೋಡಬೇಕಾದದ್ದು ಒದ್ದೆ ರಸ್ತೆಯ ಹಿಡಿತ. ಮೈಲೇಜು ಅದರ ನಂತರದ್ದು. ಕಾರು ಕೊಂಡದ್ದೇ ಮೈಲೇಜಿಗೆ ಅಲ್ಲವೇ ಎನ್ನುವವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಅದಕ್ಕೇ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಬಗ್ಗಿ ಸೆಟೆಯುವಾಗ ರಬ್ಬರು ಸ್ವಲ್ಪ ಶಕ್ತಿಯನ್ನು ನುಂಗಿ ಬಿಸಿಯಾಗುತ್ತದೆ. ದೂರ ಓಡಿ ಬಂದ ಕಾರಿನ ಟೈರು ಮುಟ್ಟಿದರೆ ಬಿಸಿಯಿರುವುದು ಇದರಿಂದಲೇ. ಹೀಗೆ ಕಳೆದುಹೋಗುವ ಶಕ್ತಿಯನ್ನು ಉರುಳು ಪ್ರತಿರೋಧ ಎನ್ನೋಣ. ಸಾಧಾರಣ ಟೈರಿನಲ್ಲಿ ಇದು ಟನ್ನಿಗೆ ಒಂಬತ್ತು ಕಿಲೋದಷ್ಟು. ಜನ ಕೂತು ಒಂದೂವರೆ ಟನ್ ಆದ ಕಾರನ್ನು ಹದಿಮೂರೂವರೆ ಕಿಲೋ ಭಾರ ಸದಾ ಹಿಂದಕ್ಕೆ ಜಗ್ಗುತ್ತಿರುತ್ತದೆ, ಒಂದು ತುಂಬಿದ ಕೊಡವನ್ನು ಕಟ್ಟಿ ಎಳೆದಂತೆ. ಲೀಟರಿಗೆ 20 ಕಿ.ಮೀ. ಕೊಡುವ ಹೈಬ್ರಿಡ್ ನೂರು ಕಿಲೋಮೀಟರಿಗೆ ಐದು ಲೀಟರು ಕುಡಿದರೆ, ಅದರಲ್ಲಿ ಸುಮಾರು ಒಂದು ಲೀಟರು ಈ ಜಗ್ಗಾಟಕ್ಕೇ ಹೋಗುತ್ತದೆ.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಹೊರತಂದ ವರದಿಯ ಪ್ರಕಾರ ಉರುಳು ಪ್ರತಿರೋಧ ಶೇ 10ರಷ್ಟು ಇಳಿದರೆ ಇಂಧನ ಶೇ 1ರಿಂದ 2ರಷ್ಟು ಉಳಿಯುತ್ತದೆ. ಒಂದು ಟೈರಿಗಿಂತ ಇನ್ನೊಂದು ಶೇ 20ರಷ್ಟು ಹಗುರವಾಗಿ ಉರುಳುತ್ತದೆ ಎಂದು ಹಿಡಿಯಿರಿ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಟೈರುಗಳ ನಡುವೆ ಇದು ದೊಡ್ಡ ಅಂತರವೇ. ಉಳಿತಾಯ ಶೇ 2ರಿಂದ 4. ವರ್ಷಕ್ಕೆ ಹನ್ನೆರಡು ಸಾವಿರ ಕಿ.ಮೀ. ಓಡಿಸುವವರು 600 ಲೀಟರು ಹಾಕಿಸುತ್ತಾರೆ. ಅದರಲ್ಲಿ ಉಳಿಯುವುದು 12ರಿಂದ 24 ಲೀಟರು. ಲೀಟರಿಗೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ 1,200ರಿಂದ 2,400 ರೂಪಾಯಿ. ಟೈರು 45 ಸಾವಿರ ಕಿ.ಮೀ. ಬಾಳಿದರೆ ಅದರ ಆಯುಸ್ಸಿನಲ್ಲಿ ನಾಲ್ಕೂವರೆ ಸಾವಿರದಿಂದ ಒಂಬತ್ತು ಸಾವಿರ. ಅಂದರೆ ಹಗುರ ಉರುಳುವ ಟೈರಿಗೆ ಒಂದೊಂದಕ್ಕೆ ಸಾವಿರ, ಹೆಚ್ಚೆಂದರೆ ಎರಡು ಸಾವಿರ ರೂಪಾಯಿ ಹೆಚ್ಚಿಗೆ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಪೆಟ್ರೋಲಿನಲ್ಲಿ ಆ ದುಡ್ಡು ವಾಪಸು ಬರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಲೀಟರಿಗೆ ಹನ್ನೆರಡು ಕಿ.ಮೀ. ಕೊಡುವ ಹಳೆಯ ಪೆಟ್ರೋಲ್ ಕಾರಿಗೆ ಇದೇ ಹಗುರ ಟೈರು ಹಾಕಿದರೆ ರೂಪಾಯಿ ಲೆಕ್ಕದಲ್ಲಿ ಹೆಚ್ಚು ಉಳಿಯುತ್ತದೆ. ಅದರ ಎಂಜಿನ್ ಪೋಲು ಮಾಡುವುದೇ ಹೆಚ್ಚು. ಟೈರಿನಲ್ಲಿ ಉಳಿದ ಪ್ರತಿ ಎಳೆ ಶಕ್ತಿಗೂ ಅಲ್ಲಿ ಹೆಚ್ಚು ಪೆಟ್ರೋಲು ಉಳಿಯುತ್ತದೆ. ಹೈಬ್ರಿಡ್ ಆಗಲೇ ಉಳಿಸಬೇಕಾದ್ದನ್ನು ಉಳಿಸಿಬಿಟ್ಟಿದೆ. ಕಂಪನಿಗಳು ಹೇಳುವ ಮೈಲೇಜು ಗ್ರ್ಯಾಂಡ್ ವಿಟಾರಾಕ್ಕೆ 27.97, ಹೈಕ್ರಾಸ್‌ಗೆ 23.24. ಇದು ಮೋಟರು, ಎಂಜಿನ್, ಬ್ಯಾಟರಿ ಸೇರಿ ಗಳಿಸಿದ ಮೈಲೇಜು. ಟೈರು ಅದಕ್ಕೆ ಚೂರು ಸೇರಿಸಬಹುದು, ಚೂರು ಕಳೆಯಬಹುದು.

ಈಗ ಮಳೆಯ ಲೆಕ್ಕ. ಯುರೋಪಿನಲ್ಲಿ 2012ರಿಂದ ಪ್ರತಿ ಟೈರಿಗೂ ದರ್ಜೆಯ ಚೀಟಿ ಕಡ್ಡಾಯ. ಇಂಧನ, ಒದ್ದೆ ರಸ್ತೆಯ ಹಿಡಿತ, ಸದ್ದು ಮೂರನ್ನೂ ಅದರಲ್ಲಿ ನಮೂದಿಸಬೇಕು. ಒದ್ದೆ ರಸ್ತೆಯಲ್ಲಿ ಅತ್ಯುತ್ತಮ ದರ್ಜೆಯ ಟೈರು ಅತಿ ಕೆಳಗಿನ ದರ್ಜೆಯದಕ್ಕಿಂತ ಶೇ 30ರಷ್ಟು ಕಡಿಮೆ ದೂರದಲ್ಲಿ ನಿಲ್ಲಬಲ್ಲದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ ಅಂತರ 18 ಮೀಟರಿನವರೆಗೆ ಇರಬಹುದು ಎನ್ನುತ್ತದೆ ಅಲ್ಲಿನ ಆಡಳಿತ. ನಾಲ್ಕು ಹೊಂಡಾ ಸಿಟಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ ಅದು. ಇದನ್ನು ಇನ್ನೊಂದು ರೀತಿಯಲ್ಲಿ ನೋಡೋಣ. ಒಳ್ಳೆಯ ಟೈರಿನ ಕಾರು 42 ಮೀಟರಿನಲ್ಲಿ ನಿಂತಿತು, ಕೆಟ್ಟ ಟೈರಿನದು ನಿಲ್ಲಲು 60 ಮೀಟರು ಬೇಕು ಎಂದಿಟ್ಟುಕೊಳ್ಳಿ. ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 44 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಮುಂದೆ ಲಾರಿ ನಿಂತಿದ್ದರೆ? ರಸ್ತೆ ದಾಟುವ ಮಗು ಇದ್ದರೆ? ವರ್ಷಕ್ಕೆ ಉಳಿಯುವ ಎರಡು ಸಾವಿರ ರೂಪಾಯಿಯನ್ನು ಇದರ ಎದುರು ಇಟ್ಟು ತೂಗಿ ನೋಡಿ.

ಹಾಗಾದರೆ ಹಗುರ ಉರುಳುವ ಟೈರೆಲ್ಲ ಮಳೆಯಲ್ಲಿ ಜಾರುತ್ತದೆಯೇ? ಒಂದು ಕಾಲಕ್ಕೆ ಈ ಭಯ ಸಕಾರಣವಾಗಿತ್ತು. ರಸ್ತೆಯನ್ನು ಹಿಡಿದುಕೊಳ್ಳಲು ರಬ್ಬರು ಶಕ್ತಿ ನುಂಗಬೇಕು, ಹಗುರವಾಗಿ ಉರುಳಲು ನುಂಗಬಾರದು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ಬಾಳಿಕೆಯೂ ಸೇರಿ ಈ ಮೂರರ ಎಳೆದಾಟವನ್ನು ಟೈರು ತಯಾರಕರು ‘ಮಾಯಾ ತ್ರಿಕೋನ’ ಎನ್ನುತ್ತಾರೆ. ತೊಂಬತ್ತರ ದಶಕದ ಆರಂಭದಲ್ಲಿ ಫ್ರಾನ್ಸಿನ ಮಿಷೆಲಿನ್ ಕಂಪನಿ ರಬ್ಬರಿಗೆ ಬೆರೆಸುವ ಮಸಿಯ ಬಹುಪಾಲನ್ನು ತೆಗೆದು ಸಿಲಿಕಾ ಹಾಕತೊಡಗಿತು. ಟೈರು ಉರುಳುವಾಗ ರಬ್ಬರಿನ ಬಾಗಾಟ ಸೆಕೆಂಡಿಗೆ ಹತ್ತಾರು ಸಲ. ಬ್ರೇಕ್ ಒತ್ತಿದಾಗ ಟಾರಿನ ಸಣ್ಣ ಸಣ್ಣ ಹರಳುಗಳ ಮೇಲೆ ಜಾರುವ ರಬ್ಬರಿನ ಮೇಲ್ಮೈ ನಡುಗುವುದು ಸಾವಿರಾರು, ಲಕ್ಷಾಂತರ ಸಲ. ನಿಧಾನದ ಬಾಗಾಟದಲ್ಲಿ ಕಡಿಮೆ, ವೇಗದ ನಡುಕದಲ್ಲಿ ಹೆಚ್ಚು ಶಕ್ತಿ ನುಂಗುವ ಗುಣ ಸಿಲಿಕಾ ಬೆರೆತ ರಬ್ಬರಿಗಿದೆ. ಹಾಗಾಗಿ ಎರಡೂ ಒಟ್ಟಿಗೆ ಸಾಧ್ಯವಾದವು. ಎರಡರಲ್ಲೂ ಮೇಲಿನ ದರ್ಜೆ ಪಡೆದ ಟೈರುಗಳು ಈಗ ಇವೆ. ಆದರೆ ಅಗ್ಗದವಲ್ಲ. ಕಡಿಮೆ ಬೆಲೆಗೆ ‘ಇಕೋ’, ‘ಫ್ಯೂಯಲ್ ಸೇವರ್’ ಎಂದು ಹೆಸರಿಟ್ಟು ಮಾರುವ ಟೈರು ಕಂಡರೆ, ತ್ರಿಕೋನದ ಯಾವ ಮೂಲೆಯನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಕೇಳಲೇಬೇಕು.

ಹೈಬ್ರಿಡ್ ಕಾರಿಗೆ ಬೇರೆಯದೇ ಟೈರು ಬೇಕೇ ಎಂಬುದಕ್ಕೆ ಬರೋಣ. ಬೇಡ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಹಲವು ನೂರು ಕಿಲೋ ತೂಗುತ್ತದೆ, ಹೈಬ್ರಿಡ್‌ನದು ಸಣ್ಣದು. ಗ್ರ್ಯಾಂಡ್ ವಿಟಾರಾದ ಬ್ಯಾಟರಿಯಲ್ಲಿ ಹಿಡಿಸುವುದು ಒಂದು ಯೂನಿಟ್‌ಗಿಂತಲೂ ಕಡಿಮೆ ವಿದ್ಯುತ್ತು. ಮೋಟರು, ಅದರ ಸಲಕರಣೆ ಎಲ್ಲ ಸೇರಿದರೂ ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ ಸುಮಾರು ನೂರು ಕಿಲೋ ಹೆಚ್ಚು. ಹಾಗಾಗಿ ಎಲೆಕ್ಟ್ರಿಕ್ ಕಾರಿಗೆಂದೇ ಮಾಡಿದ ದುಬಾರಿ ಟೈರು ಇದಕ್ಕೆ ಅನಗತ್ಯ. ಆದರೆ ಎರಡು ವ್ಯತ್ಯಾಸಗಳನ್ನು ಮರೆಯುವಂತಿಲ್ಲ.

ಮೊದಲನೆಯದು ಸವೆತ. ಮೋಟರಿನ ಎಳೆತ ನಿಂತಲ್ಲಿಂದಲೇ ಪೂರ್ತಿ ಸಿಗುತ್ತದೆ. ಹೊಂಡಾ ಸಿಟಿಯ ಮೋಟರಿನದು 253 ನ್ಯೂಟನ್ ಮೀಟರ್. ಸಿಗ್ನಲ್ಲಿನಲ್ಲಿ ಪಟ್ಟನೆ ಎಕ್ಸಲರೇಟರ್ ಒತ್ತಿದರೆ ಅದನ್ನು ತಡೆದುಕೊಳ್ಳುವುದು ಮುಂದಿನ ಎರಡು ಟೈರು. ವೇಗ ತಗ್ಗಿಸುವಾಗ ಮೋಟರೇ ಜನರೇಟರಾಗಿ ಬ್ಯಾಟರಿ ತುಂಬುತ್ತದೆಯಲ್ಲ, ಆ ತಡೆಯೂ ಇದೇ ಮುಂದಿನ ಟೈರುಗಳ ಮೂಲಕವೇ. ಹೈಬ್ರಿಡ್‌ನಲ್ಲಿ ಬ್ರೇಕ್ ಪ್ಯಾಡು ಬಹುಕಾಲ ಬಾಳುತ್ತದೆ ಎಂಬುದು ನಿಜ. ಅದರಿಂದ ಟೈರೂ ಬಾಳುತ್ತದೆ ಎಂದು ಹಲವರು ನಂಬಿದ್ದಾರೆ; ಅದು ತಪ್ಪು. ಕಾರನ್ನು ತಡೆಯುವುದು ಪ್ಯಾಡಾಗಲಿ ಮೋಟರಾಗಲಿ, ರಸ್ತೆಯನ್ನು ಕಚ್ಚಿ ಹಿಡಿಯಬೇಕಾದದ್ದು ಟೈರೇ. ಪ್ಯಾಡಿಗೆ ವಿರಾಮ ಸಿಕ್ಕಿತು, ಟೈರಿಗೆ ಸಿಗಲಿಲ್ಲ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಿಸುವುದು ಎಲ್ಲ ಕಾರಿಗೂ ಒಳ್ಳೆಯದು, ಹೈಬ್ರಿಡ್‌ಗೆ ಇನ್ನೂ ಅಗತ್ಯ.

ಎರಡನೆಯದು ಸದ್ದು. ಎಂಜಿನ್ ಬಂದಾಗಿ ಕಾರು ಮೋಟರಿನಲ್ಲೇ ಸಾಗುವಾಗ ಕಿವಿಗೆ ಬೀಳುವುದು ಟೈರಿನ ಮೊರೆತ ಒಂದೇ. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳ ಮೇಲೆ ಇದು ಎದ್ದು ಕೇಳುತ್ತದೆ. ಪೆಟ್ರೋಲ್ ಕಾರಿನಲ್ಲಿ ಗೊತ್ತೇ ಆಗದ ಟೈರಿನ ಸದ್ದು ಇಲ್ಲಿ ತಲೆನೋವು ತರಬಹುದು. ಅಂಗಡಿಯವರ ಮಾತಿಗಿಂತ ಅದೇ ಟೈರು ಹಾಕಿಸಿದವರ ಕಾರಿನಲ್ಲಿ ಒಮ್ಮೆ ಕೂತು ಬರುವುದು ಒಳ್ಳೆಯ ಪರೀಕ್ಷೆ.

ಅಳತೆಯ ವಿಷಯದಲ್ಲಿ ನಾನೇ ಎಡವುವುದರಲ್ಲಿದ್ದೆ. ಟೈರು ನೋಡಲು ಹೋದಾಗ ಅಂಗಡಿಯ ಹುಡುಗ, “ಸಾರ್, ಒಂದು ಸೈಜ್ ಮೇಲಕ್ಕೆ ಹೋಗೋಣ, ರೋಡ್ ಗ್ರಿಪ್ಪೂ ಚೆನ್ನಾಗಿರುತ್ತೆ, ಲುಕ್ಕೂ ಬರುತ್ತೆ” ಎಂದ. ನನ್ನ ಕಾರಿನದು 185/55 ಆರ್16. ಅವನ ಬಳಿ ಆ ಅಳತೆಯಲ್ಲಿ ಇದ್ದದ್ದು ಒಂದೇ ಮಾದರಿ. 195/55 ಆರ್16ರಲ್ಲಿ ಆರೇಳು. ಮನೆಗೆ ಬಂದು ಲೆಕ್ಕ ಹಾಕಿದೆ. 185/55ರ ಟೈರಿನ ಒಟ್ಟು ಎತ್ತರ 610 ಮಿಲಿಮೀಟರು, 195/55ರದು 621. ಶೇ 1.8ರಷ್ಟು ವ್ಯತ್ಯಾಸ. ಸ್ಪೀಡೋಮೀಟರು, ಕಿಲೋಮೀಟರಿನ ಎಣಿಕೆ ಅಷ್ಟು ಕಡಿಮೆ ತೋರಿಸುತ್ತವೆ. ಇದರಿಂದ ಅಪಾಯವೇನೂ ಆಗದು. ಆದರೆ ಟೈರು ಅಗಲವಾದಷ್ಟೂ ಗಾಳಿಗೆ ತಡೆ ಹೆಚ್ಚು, ನೀರು ನಿಂತ ರಸ್ತೆಯಲ್ಲಿ ಪಕ್ಕಕ್ಕೆ ತಳ್ಳಬೇಕಾದ ನೀರೂ ಹೆಚ್ಚು. ಅಗಲದ ಟೈರು ಒಣ ರಸ್ತೆಯ ತಿರುವಿನಲ್ಲಿ ಗಟ್ಟಿಯಾಗಿ ಹಿಡಿಯಬಹುದು. ನಿಂತ ನೀರಿನ ಮೇಲೆ ಅದೇ ಬೇಗ ತೇಲತೊಡಗುತ್ತದೆ. ಟೊಯೊಟಾ ತನ್ನ ಇತ್ತೀಚಿನ ಪ್ರಿಯಸ್‌ಗೆ ಕೊಟ್ಟ ಅಳತೆ 195/60 ಆರ್17, ಎತ್ತರವಾದ ಆದರೆ ಕಿರಿದಾದ ಟೈರು. ಹೈಬ್ರಿಡ್ ಕಾರನ್ನು ಜಗತ್ತಿಗೆ ಪರಿಚಯಿಸಿದವರೇ ಕಿರಿದಾದುದನ್ನು ಆರಿಸಿರುವಾಗ ನಾವು ಅಗಲ ಮಾಡಿಸುವುದು ಯಾಕೆ? ನಾನು ಎರಡು ವಾರ ಕಾದು, ಬೇರೆ ಊರಿನಿಂದ ಅದೇ ಅಳತೆಯದನ್ನು ತರಿಸಿಕೊಂಡೆ.

ಹೈರೈಡರ್, ಗ್ರ್ಯಾಂಡ್ ವಿಟಾರಾಗಳವರಿಗೆ ಈ ಕಷ್ಟ ಕಡಿಮೆ. ಅವುಗಳ 215/60 ಆರ್17 ಹಲವು ಕಾರುಗಳಿಗೆ ಬಳಕೆಯಲ್ಲಿರುವ ಅಳತೆ. ಹೈಕ್ರಾಸ್‌ನ ಮೇಲಿನ ಮಾದರಿಗಿರುವ 225/50 ಆರ್18ರ ಕಥೆ ಬೇರೆ. ಅದರ ಪಕ್ಕೆಯ ಎತ್ತರ 112 ಮಿ.ಮೀ. ಮಾತ್ರ, ಕೆಳಗಿನ ಮಾದರಿಯ 205/65 ಆರ್16ರಲ್ಲಿ 133. ಗುಂಡಿಗೆ ಬಿದ್ದಾಗ ಅಲಾಯ್ ಚಕ್ರವನ್ನು ಕಾಯುವ ರಬ್ಬರು ಎರಡು ಸೆಂಟಿಮೀಟರು ಕಡಿಮೆ. ಆ ಕಾರಿನವರು ಪಕ್ಕೆ ಗಟ್ಟಿಯಿರುವ ಟೈರು ಕೇಳಬೇಕು, ಗಾಳಿ ಕಡಿಮೆಯಾಗಲು ಬಿಡಲೇಬಾರದು. ಟೈರಿನ ಪಕ್ಕೆಯಲ್ಲಿ ಉಬ್ಬು ಕಂಡರೆ ಒಳಗಿನ ದಾರ ಕಡಿದಿದೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ.

ಅಳತೆಯ ಪಕ್ಕದಲ್ಲಿ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ, 83ವಿ ಅಥವಾ 96ಎಚ್ ಎಂದು. ಸಂಖ್ಯೆ ಭಾರದ್ದು: 83 ಎಂದರೆ ಒಂದು ಟೈರು ಹೊರಬಲ್ಲದ್ದು 487 ಕಿಲೋ, 96 ಎಂದರೆ 710. ಅಕ್ಷರ ವೇಗದ್ದು: ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗೆ, ವಿ ಎಂದರೆ 240. ನೂರು ಕಿಲೋ ಹೆಚ್ಚು ತೂಗುವ ಹೈಬ್ರಿಡ್‌ಗೆ ಭಾರದ ಸಂಖ್ಯೆಯನ್ನು ಇಳಿಸುವಂತಿಲ್ಲ. ಹೆಚ್ಚಿದ್ದರೆ ಅಡ್ಡಿಯಿಲ್ಲ.

ಹೊಸ ಟೈರು ಹಾಕಿಸಿದ ವಾರದಲ್ಲೇ ಮೈಲೇಜು ಬಿತ್ತು ಎಂದು ಗಾಬರಿಯಾಗುವವರು ಬಹಳ. ಪರದೆಯ ಮೇಲೆ ಮೈಲೇಜು ನೋಡುತ್ತಲೇ ಓಡಿಸುವ ಹೈಬ್ರಿಡ್ ಮಾಲೀಕರಲ್ಲಿ ಇನ್ನೂ ಹೆಚ್ಚು. ಅದೇ ಕಂಪನಿಯ ಅದೇ ಟೈರು ಹಾಕಿಸಿದರೂ ಹೀಗಾಗುತ್ತದೆ, ಅದಕ್ಕೆ ಕಾರಣಗಳಿವೆ. ಹೊಸ ಟೈರಿನಲ್ಲಿ ಬಾಗಿ ಶಕ್ತಿ ನುಂಗುವ ರಬ್ಬರು ಹೆಚ್ಚು; ಸವೆದಂತೆ ಟೈರು ಹಗುರವಾಗಿ ಉರುಳತೊಡಗುತ್ತದೆ. ಅಲ್ಲದೆ ಆರು ಮಿ.ಮೀ. ಸವೆದ ಹಳೆಯ ಟೈರು ಹೊಸದಕ್ಕಿಂತ ಹನ್ನೆರಡು ಮಿ.ಮೀ. ಗಿಡ್ಡ. ಅದೇ ದೂರಕ್ಕೆ ಅದು ಹೆಚ್ಚು ಸುತ್ತು ಹಾಕುತ್ತದೆ, ಮೀಟರು ನಿಜಕ್ಕಿಂತ ಒಂದೂವರೆಯಿಂದ ಎರಡು ಶೇಕಡದಷ್ಟು ಹೆಚ್ಚು ಕಿಲೋಮೀಟರು ತೋರಿಸುತ್ತಿರುತ್ತದೆ. ಅಂದರೆ ಹಳೆಯ ಟೈರಿನ ಕೊನೆಗಾಲದಲ್ಲಿ ಕಂಡ ಮೈಲೇಜಿನಲ್ಲಿ ಒಂದು ಪಾಲು ಸುಳ್ಳು. ಮೂರನೆಯ ಕಾರಣವೂ ಉಂಟು. ಕಾರಿನ ಜೊತೆ ಬಂದ ಟೈರನ್ನು ಕಾರು ಕಂಪನಿ ತನಗೆ ಬೇಕಾದ ಮೈಲೇಜಿಗೆ ತಕ್ಕಂತೆ ಮಾಡಿಸಿಕೊಂಡಿರುತ್ತದೆ. ಅದೇ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುವುದು ಎಷ್ಟೋ ಸಲ ಅದೇ ಟೈರಲ್ಲ. ಎರಡು ಮೂರು ಸಾವಿರ ಕಿ.ಮೀ. ಓಡಿಸಿದ ಮೇಲೆ ಟೈರಿನ ಬಗ್ಗೆ ತೀರ್ಪು ಕೊಡುವುದು ನ್ಯಾಯ.

ಮೈಲೇಜಿನ ಚಿಂತೆ ಇರುವವರು ಟೈರಿನ ಬ್ರಾಂಡಿಗಿಂತ ಗಾಳಿಯ ಕಡೆ ಗಮನ ಕೊಡಲಿ. ನಾಲ್ಕೂ ಚಕ್ರದಲ್ಲಿ ಒಂದು ಪಿಎಸ್‌ಐ ಇಳಿದರೆ ಇಂಧನ ಶೇ 0.2ರಷ್ಟು ಹೆಚ್ಚು ಹೋಗುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಐದು ಪಿಎಸ್‌ಐ ಕಡಿಮೆ ಇಟ್ಟುಕೊಂಡು ಓಡಿಸುವವರು ಶೇ 1 ಕಳೆದುಕೊಂಡಂತೆ, ಟೈರೂ ಅಂಚಿನಲ್ಲಿ ಬೇಗ ಸವೆಯುತ್ತದೆ. ಎಷ್ಟು ಹಾಕಿಸಬೇಕು ಎಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿದೆ. ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಬೇಕು. ನೈಟ್ರೋಜನ್‌ಗೆ ದುಡ್ಡು ಕೊಡುವ ಅಗತ್ಯ ನನಗೆ ಕಾಣದು. ಪಂಪಿನಲ್ಲಿ ಸಿಗುವ ಗಾಳಿಯಲ್ಲೂ ಶೇ 78 ನೈಟ್ರೋಜನ್ನೇ ಇದೆ.

ಯಾವಾಗ ಬದಲಿಸಬೇಕು? ಕಾನೂನಿನ ಪ್ರಕಾರ ಟ್ರೆಡ್ಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಗೆರೆಗಳ ನಡುವೆ ಇರುವ ಸಣ್ಣ ದಿಣ್ಣೆಗಳು ಇದನ್ನು ತೋರಿಸಲೆಂದೇ ಇರುವುದು. ಆದರೆ 1.6 ಎಂಬುದು ದಂಡದಿಂದ ತಪ್ಪಿಸಿಕೊಳ್ಳುವ ಅಳತೆ, ನೀರನ್ನು ಹೊರಹಾಕುವ ಶಕ್ತಿ ಅದಕ್ಕೆ ಬಹಳ ಮುಂಚೆಯೇ ಕುಂದಿರುತ್ತದೆ. ಮೂರು ಮಿ.ಮೀ.ಗೆ ಬಂದಿದ್ದರೆ ಮೃಗಶಿರ ಮಳೆ ಹಿಡಿಯುವ ಮುಂಚೆ ಬದಲಿಸಿ. ದಸರೆ ಬೋನಸ್ಸಿಗೆ ಕಾದರೆ ಇಡೀ ಮಳೆಗಾಲವನ್ನು ಸವೆದ ಟೈರಿನಲ್ಲಿ ಕಳೆದಂತೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವವರಿಗೆ ಇದು ಇನ್ನೂ ಮುಖ್ಯ. ಉದ್ದದ ಇಳಿಜಾರಿನಲ್ಲಿ ಹೈಬ್ರಿಡ್‌ನ ಪುಟ್ಟ ಬ್ಯಾಟರಿ ಬೇಗ ತುಂಬುತ್ತದೆ. ತುಂಬಿದ ಮೇಲೆ ಮೋಟರಿನ ತಡೆ ಮೊದಲಿನಂತೆ ಸಿಗದು, ಎಂಜಿನ್ ಮತ್ತು ಬ್ರೇಕುಗಳೇ ತಡೆಯಬೇಕು. ಕಾಲಿನಡಿ ಬ್ರೇಕಿನ ಸ್ಪರ್ಶವೇ ಬದಲಾದಂತೆ ಅನಿಸುವ ಆ ಹೊತ್ತಿನಲ್ಲಿ ಟೈರು ಜಾರಬಾರದು.

ಎರಡೇ ಟೈರು ಬದಲಿಸುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಎಳೆಯುವ ಚಕ್ರ ಮುಂದಿನದು, ಹೊಸದು ಅಲ್ಲಿಗೇ ಎಂದು ಅಂಗಡಿಯವರು ಹೇಳುತ್ತಾರೆ. ನೀರಿನ ಮೇಲೆ ಮುಂದಿನ ಚಕ್ರ ತೇಲಿದರೆ ಕಾರು ನೇರ ಹೋಗುತ್ತದೆ. ಎಕ್ಸಲರೇಟರ್ ಬಿಟ್ಟರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ತೇಲಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕನಿಗೆ ಅದನ್ನು ಸಂಭಾಳಿಸಲಾಗದು. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ವರ್ಷ ದಾಟಿದ ದಾಸ್ತಾನನ್ನು ಹೊಸದರ ಬೆಲೆಗೆ ಕೊಳ್ಳಬೇಕಿಲ್ಲ.

ಬೆಲೆಯ ಬಗ್ಗೆ ಒಂದು ಒಳ್ಳೆಯ ಸುದ್ದಿ: 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಇನ್ನೊಂದು ಕಡೆ, 2020ರ ಜೂನ್‌ನಿಂದ ಟೈರು ಆಮದಿಗೆ ಪರವಾನಗಿ ಬೇಕಾಗಿರುವುದರಿಂದ ವಿರಳ ಅಳತೆಗಳಲ್ಲಿ ಆಯ್ಕೆ ಕಿರಿದಾಗಿದೆ. ನಾನು ಎರಡು ವಾರ ಕಾಯಬೇಕಾಗಿ ಬಂದುದರ ಹಿಂದೆ ಇದೂ ಇದ್ದೀತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕೊರತೆ ಉಳಿಯುತ್ತದೆ, ಅದು ಕೊಳ್ಳುವವರದಲ್ಲ. ಒದ್ದೆ ಹಿಡಿತ ನೋಡಿ ಎಂದೆ, ಎಲ್ಲಿ ನೋಡುವುದು? ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರಕ್ಕೂ ಎಐಎಸ್-142 ಎಂಬ ಮಾನದಂಡ ನಮ್ಮಲ್ಲೂ ಬಂದಿದೆ. 2022ರ ಅಕ್ಟೋಬರಿನಿಂದ ಹೊಸ ವಿನ್ಯಾಸದ ಟೈರುಗಳಿಗೆ, 2023ರಿಂದ ಹಳೆಯ ವಿನ್ಯಾಸದವಕ್ಕೂ ಅದು ಕಡ್ಡಾಯ. ಆದರೆ ಅದು ಪಾಸು-ಫೇಲಿನ ಪರೀಕ್ಷೆ. ಯಾವ ಟೈರು ಅಂಚಿನಲ್ಲಿ ಪಾಸಾಯಿತು, ಯಾವುದು ಮೊದಲ ದರ್ಜೆಯಲ್ಲಿ ಎಂಬುದು ಗಿರಾಕಿಗೆ ತಿಳಿಯುವುದಿಲ್ಲ. ಇಂಧನ ದಕ್ಷತಾ ಮಂಡಳಿ ಫ್ರಿಜ್ಜು, ಫ್ಯಾನಿಗೆ ಕೊಡುವಂತೆ ಟೈರಿಗೂ ನಕ್ಷತ್ರ ಕೊಡುವ ಯೋಜನೆ ತಂದಿದೆ. ಆ ನಕ್ಷತ್ರ ಮುಖ್ಯವಾಗಿ ಇಂಧನ ಉಳಿತಾಯದ್ದು. ಸದ್ಯಕ್ಕೆ ನಮಗಿರುವ ದಾರಿ, ಅದೇ ಮಾದರಿ ಅದೇ ಅಳತೆಯಲ್ಲಿ ಯುರೋಪಿನಲ್ಲೂ ಮಾರಾಟವಾಗುತ್ತಿದ್ದರೆ ಅಲ್ಲಿನ ದರ್ಜೆಯನ್ನು ಹುಡುಕಿ ನೋಡುವುದು. ಇಲ್ಲಿ ತಯಾರಾದದ್ದರ ರಬ್ಬರು ಬೇರೆ ಇರಬಹುದು, ಹಾಗಾಗಿ ಅದು ಅಂದಾಜಿಗೆ ಮಾತ್ರ. ಕೆಲವು ಟೈರುಗಳ ಮೇಲಿರುವ ‘ಟ್ರೆಡ್‌ವೇರ್ 400’ ಬಗೆಯ ಅಂಕಿ ಬಾಳಿಕೆಯದು. ಅದನ್ನು ಕಂಪನಿಯೇ ಕೊಟ್ಟುಕೊಳ್ಳುತ್ತದೆ, ಒಂದು ಕಂಪನಿಯದನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ.

ಕಡ್ಡಾಯ ಪರೀಕ್ಷೆ ನಡೆದಿದೆ ಎಂದ ಮೇಲೆ ಪ್ರತಿ ಮಾದರಿಯ ಒದ್ದೆ ಹಿಡಿತದ ಅಂಕಿ ಕಂಪನಿಗಳ ಕಡತದಲ್ಲಿ ಈಗಾಗಲೇ ಇದೆ. ಸಾರಿಗೆ ಸಚಿವಾಲಯ ಅದನ್ನು ಟೈರಿನ ಚೀಟಿಯ ಮೇಲೆ, ಬೆಲೆಯ ಪಕ್ಕದಲ್ಲೇ, ಅಚ್ಚು ಹಾಕಿಸಬೇಕು.